ಮನೆಯು ಸ್ಮಾರಕವಾಗುವ ಬಗೆ

ದೇವಾಲಯವೊಂದು ನೂರು ವರ್ಷ ಪೂರೈಸಿದಾಗ ಅದರ ಚರಿತ್ರೆಯನ್ನು ಬರೆಯಲು ಆಧಾರಗಳಿಗೆ ಕೊರತೆಯಿರುವುದಿಲ್ಲ. ಶಂಕುಸ್ಥಾಪನೆಯ ಕಲ್ಲು, ಜ್ಞಾನಸ್ನಾನದ ಪುಸ್ತಕ, ಸೇವೆ ಸಲ್ಲಿಸಿದ ಗುರುಗಳ ಪಟ್ಟಿ ಎಲ್ಲವೂ ಇರುತ್ತವೆ. ಆ ದೇವಾಲಯಕ್ಕೆ ಭಾನುವಾರ ಭಾನುವಾರ ನಡೆದು ಬಂದವರ ಮನೆಗಳಿಗೆ ಅಂಥ ಭಾಗ್ಯವಿಲ್ಲ. ಈ ಸ್ಮರಣ ಸಂಚಿಕೆಗಾಗಿ ನಾವು ಹಳೆಯ ಛಾಯಾಚಿತ್ರಗಳನ್ನು ಹರಡಿಕೊಂಡು ಕುಳಿತಾಗ, ಚಿತ್ರದಲ್ಲಿನ ಮುಖಗಳನ್ನೆಲ್ಲ ಗುರುತಿಸಿದ ಹಿರಿಯರು ಹಿನ್ನೆಲೆಯ ಜಗಲಿ ಯಾವ ಮನೆಯದೆಂದು ಹೇಳಲಾರದೆ ಹೋದರು. 2008ರಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ತೆರೆದ ಮೇಲಂತೂ ಹೆಬ್ಬಾಳ, ಯಲಹಂಕಗಳ ಕಡೆ ನೆಲಕ್ಕೆ ಚಿನ್ನದ ಬೆಲೆ ಬಂದು, ಮಂಗಳೂರು ಹೆಂಚಿನ ಮನೆಗಳು ಒಂದೊಂದಾಗಿ ಮರೆಯಾದವು. ಉಳಿದ ಒಂದೆರಡನ್ನಾದರೂ ಸ್ಮಾರಕವೆಂದು ಘೋಷಿಸಬಾರದೇಕೆ ಎಂದು ಕಿರಿಯರು ಕೇಳುತ್ತಾರೆ.

ಕೇಳಿಕೆ ನ್ಯಾಯವಾದದ್ದೇ. ನಮ್ಮ ಬಳ್ಳಾರಿ ರಸ್ತೆಯಲ್ಲಿಯೇ ಉತ್ತರಕ್ಕೆ ಸಾಗಿದರೆ ಎರಡು ಬಗೆಯ ಉತ್ತರಗಳು ಕಾಣಸಿಗುತ್ತವೆ. ದೇವನಹಳ್ಳಿಯ ಕೋಟೆಯ ಸಮೀಪದಲ್ಲಿ, ಟಿಪ್ಪು ಸುಲ್ತಾನನು ಜನಿಸಿದ ಸ್ಥಳವೆಂದು ಕಂಬಗಳ ಒಂದು ಸಣ್ಣ ಮಂಟಪವಿದೆ, ಅದರೊಳಗೆ ಶಿಲಾಫಲಕವಿದೆ. ಮನೆಯಿಲ್ಲ. ಇನ್ನೂ ಮುಂದೆ, ನಂದಿಬೆಟ್ಟದ ಆಚೆಯ ಮುದ್ದೇನಹಳ್ಳಿಯಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರ ಮನೆಯನ್ನು ವಸ್ತುಸಂಗ್ರಹಾಲಯವಾಗಿ ಉಳಿಸಿಕೊಳ್ಳಲಾಗಿದೆ. 1962ರಲ್ಲಿ ನಿಧನರಾದ ಅವರ ಸಮಾಧಿಯೂ ಆ ಊರಿನಲ್ಲಿಯೇ ಇದೆ. ಫಲಕವು ಸ್ಥಳವನ್ನು ತಿಳಿಸೀತು. ಆ ಮನುಷ್ಯನು ಬಾಗಿ ಒಳಹೊಕ್ಕ ಬಾಗಿಲನ್ನು ಮನೆಯೇ ತೋರಿಸಬೇಕು.

ಆದರೆ ದಿವಾನರ ಮನೆಯನ್ನು ಉಳಿಸಲು ಯಾರೊಡನೆಯೂ ವಾದಿಸಬೇಕಾಗುವುದಿಲ್ಲ. ವಾದಿಸಬೇಕಾಗಿ ಬಂದದ್ದು ಮೈಸೂರಿನಲ್ಲಿ. ಯಾದವಗಿರಿಯಲ್ಲಿ ಆರ್. ಕೆ. ನಾರಾಯಣರು ಸ್ವಂತಕ್ಕೆ ಕಟ್ಟಿಸಿದ ಮನೆ ಐವತ್ತರ ದಶಕದ ಆರಂಭದ್ದು. ಅರಮನೆಯ ಠೀವಿಯಾಗಲಿ ಕೆತ್ತನೆಯ ಕಂಬಗಳಾಗಲಿ ಅಲ್ಲಿಲ್ಲ. ಮಹಡಿಯ ಮೇಲೆ ಮುಂಚಾಚಿದ, ಸಾಲು ಕಿಟಕಿಗಳ ಕೊಠಡಿಯೊಂದಿದೆ. ಲೇಖಕರು ಬರೆಯುತ್ತಿದ್ದುದು ಅಲ್ಲಿ. ತೊಂಬತ್ತರ ದಶಕದಲ್ಲಿ ಅವರು ಚೆನ್ನೈಗೆ ಹೋದರು, 2001ರಲ್ಲಿ ತೀರಿಕೊಂಡರು. 2011ರಲ್ಲಿ ಮನೆಯನ್ನು ಕೆಡವುವ ಕೆಲಸ ಆರಂಭವಾಯಿತು. ಪತ್ರಿಕೆಗಳು ಸುದ್ದಿ ಮಾಡಿದ ಮೇಲೆ ಅಧಿಕಾರಿಗಳು ಎಚ್ಚೆತ್ತು ಹಾರೆಗಳನ್ನು ತಡೆದರು. ಅಷ್ಟರೊಳಗೆ ಒಂದಿಷ್ಟು ಭಾಗ ಉರುಳಿತ್ತು. ಪಾರಂಪರಿಕ ಕಟ್ಟಡವೆಂಬ ಮಾತು ಬಂದದ್ದು ಆ ಬಳಿಕ. ಸಾರ್ವಜನಿಕ ಹಣದಿಂದ ಮನೆಯನ್ನು ಕೊಂಡು, ದುರಸ್ತಿ ಮಾಡಿಸಿ, 2016ರ ಜುಲೈಯಲ್ಲಿ ವಸ್ತುಸಂಗ್ರಹಾಲಯವಾಗಿ ತೆರೆಯಲಾಯಿತು.

ನಡುವೆ ಇನ್ನೊಂದು ತಕರಾರು ಎದ್ದಿತು. ಕನ್ನಡದಲ್ಲಿ ಬರೆಯದವರಿಗೆ ಕನ್ನಡಿಗರ ಹಣದಿಂದ ಸ್ಮಾರಕವೇಕೆ ಎಂದು ಕೆಲವು ಕನ್ನಡ ಸಾಹಿತಿಗಳು ಆಕ್ಷೇಪಿಸಿದರು. ಕುಪ್ಪಳಿಯಲ್ಲಿ ಕುವೆಂಪು ಅವರ ಮನೆಗೆ ಸಂದ ಗೌರವ ಎಷ್ಟೋ ಕನ್ನಡ ಲೇಖಕರ ಮನೆಗಳಿಗೆ ಸಿಗಲಿಲ್ಲವೆಂಬ ನೋವು ನಮಗೂ ಅರ್ಥವಾಗುತ್ತದೆ. ಆದರೂ ಮನೆಗೆ ಭಾಷೆಯ ಲೆಕ್ಕ ಹಿಡಿಯುವುದು ನಮಗೆ ಒಪ್ಪಿಗೆಯಿಲ್ಲ. ಹಾಗೆ ಹಿಡಿದರೆ ನಮ್ಮ ಧರ್ಮಕೇಂದ್ರದ ಅರ್ಧದಷ್ಟು ಮನೆಗಳು ಹೊರಗುಳಿದಾವು!

ನಮ್ಮನ್ನು ಕಾಡುವ ಪ್ರಶ್ನೆ ಬೇರೆ. 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಅಧಿನಿಯಮದಲ್ಲಿ ಪಾರಂಪರಿಕ ಕಟ್ಟಡವೆಂಬ ವ್ಯಾಖ್ಯೆ ಈಗ ಇದೆ. ವಾಸ್ತು, ಸೌಂದರ್ಯ, ಚರಿತ್ರೆ, ಸಂಸ್ಕೃತಿ ಇವುಗಳಲ್ಲಿ ಒಂದು ಮಹತ್ವವಿದ್ದರೂ ಸಾಕು, ಪ್ರಾಧಿಕಾರವು ಘೋಷಿಸಬಹುದು. ಘೋಷಣೆಯಾದ ಮಾತ್ರಕ್ಕೆ ಸೂರು ಸೋರುವುದು ನಿಲ್ಲುವುದಿಲ್ಲ. ಒಡೆದ ಹೆಂಚನ್ನು ಬದಲಿಸುವವರು, ಗೆದ್ದಲು ಹಿಡಿದ ತೊಲೆಗೆ ಆಸರೆ ಕೊಡುವವರು, ತೆರಿಗೆ ಕಟ್ಟುವವರು ಮನೆಯವರೇ. ನಾಲ್ವರು ಅಣ್ಣತಮ್ಮಂದಿರಿಗೆ ಪಾಲಾಗಬೇಕಾದ ಮನೆಯಲ್ಲಿ ಒಬ್ಬನು ಫಲಕ ಬೇಕೆಂದರೆ, ಮಗಳ ಮದುವೆಗೆ ಹಣ ಕೂಡಿಸುವ ಮತ್ತೊಬ್ಬನು ಅದನ್ನು ಹೇಗೆ ಒಪ್ಪಿಯಾನು? ಮಾರಿದವರನ್ನು ದೂರುವ ಅಧಿಕಾರ ನಮಗಿಲ್ಲ. ಮೈಸೂರಿನ ಮನೆ ಉಳಿದದ್ದು ಯಾರೋ ಬೆಲೆ ತೆತ್ತದ್ದರಿಂದ. ಹೆಸರಾಂತರು ವಾಸಿಸದ ನಮ್ಮ ಮನೆಗಳಿಗೆ ಆ ಬೆಲೆಯನ್ನು ತೆರುವವರು ಯಾರು?

ಆದ್ದರಿಂದ ಅರ್ಜಿಗಿಂತ ಮೊದಲು ದಾಖಲೆಯ ಕೆಲಸ ಆಗಬೇಕೆಂಬುದು ನಮ್ಮ ಅಭಿಪ್ರಾಯ. ಮನೆಯವರ ಒಪ್ಪಿಗೆ ಪಡೆದು, ಜಗಲಿಯಿಂದ ಹಿತ್ತಿಲವರೆಗೆ ಅಳತೆ ತೆಗೆದು ನಕ್ಷೆ ಬರೆಯಬೇಕು. ಕ್ರಯಪತ್ರಗಳ ಪ್ರತಿ ಇರಿಸಬೇಕು. ಕಟ್ಟಿದ ಮೇಸ್ತ್ರಿಯ ಊರು, ಮರ ತಂದ ಸ್ಥಳ ನೆನಪಿರುವವರಿಂದ ಬರೆಸಿಕೊಳ್ಳಬೇಕು. ಮುಂದೆ ಘೋಷಣೆಗೆ ಪ್ರಯತ್ನಿಸುವವರಿಗೂ ಬೇಕಾಗುವುದು ಇದೇ ಸಾಮಗ್ರಿ. ಜ್ಞಾನಸ್ನಾನದ ಪುಸ್ತಕಗಳಲ್ಲಿ ತಂದೆತಾಯಿಯರ, ಜ್ಞಾನ ತಂದೆತಾಯಿಯರ ಹೆಸರುಗಳಿವೆ. ಹಳೆಯ ಪುಟಗಳು ಲ್ಯಾಟಿನ್ ಭಾಷೆಯಲ್ಲಿರುವುದರಿಂದ ಓದಲು ಗುರುಗಳ ನೆರವು ಬೇಕಾದೀತು. ಆ ಹೆಸರುಗಳ ಎದುರಿಗೆ, ಅವರು ಯಾವ ಬೀದಿಯ ಯಾವ ಮನೆಯವರೆಂದು ಹೇಳಬಲ್ಲ ಹಿರಿಯರು ನಮ್ಮ ನಡುವೆ ಇನ್ನೂ ಕೆಲವರಿದ್ದಾರೆ. ಹಬ್ಬದ ಗದ್ದಲ ಮುಗಿದ ವಾರವೇ ಅವರ ಬಳಿಗೆ ಹೋಗುವುದೆಂದು ನಿಶ್ಚಯಿಸಿದ್ದೇವೆ.