ದೇವದಾಸಿ ಪುನರ್ವಸತಿ ಮತ್ತು ಕೈಕಸುಬು

ದೇವದಾಸಿ ಪದ್ಧತಿಯಿಂದ ಹೊರಬಂದ ಮಹಿಳೆಯರು ನೇಯ್ಗೆ, ಹೊಲಿಗೆ, ಕಸೂತಿ, ಕೌದಿಯಂಥ ಕೈಕೆಲಸದಿಂದ ಸ್ವಂತ ಬದುಕು ಕಟ್ಟಿಕೊಳ್ಳಲು ನಡೆದಿರುವ ಪ್ರಯತ್ನ. ಇದರ ಮುಖ್ಯ ನೆಲೆ ಸವದತ್ತಿ ಯಲ್ಲಮ್ಮನ ಒಕ್ಕಲು ಹರಡಿರುವ ಬೆಳಗಾವಿ, ವಿಜಯಪುರ, ಬಾಗಲಕೋಟೆ ಜಿಲ್ಲೆಗಳು, ಮತ್ತು ಗಡಿಯಾಚೆ ಮಹಾರಾಷ್ಟ್ರದ ಕೊಲ್ಲಾಪುರ, ಸಾಂಗ್ಲಿ, ಸೊಲ್ಲಾಪುರ ಸೀಮೆ. ಅಕ್ಕಲಕೋಟ ತಾಲೂಕಿನ ವಾಗದರಿಯಂಥ ಕನ್ನಡದ ಊರುಗಳೂ ಈ ಸೀಮೆಯೊಳಗೇ ಬರುತ್ತವೆ.

ದೇವಿ ಯಲ್ಲಮ್ಮನಿಗೆ ಬಿಟ್ಟ ಗುರುತಾಗಿ ಕೊರಳಿಗೆ ಕೆಂಪು–ಬಿಳಿ ಮಣಿಗಳ ಮುತ್ತು ಕಟ್ಟಿಸಿಕೊಂಡ ಹುಡುಗಿ ಹೆಚ್ಚಾಗಿ ಪರಿಶಿಷ್ಟ ಜಾತಿಯ ಬಡ ಮನೆಯವಳು. ಅವಳು ಮದುವೆಯಾಗುವಂತಿರಲಿಲ್ಲ. ಮೈನೆರೆದ ಮೇಲೆ ಊರಿನ ಉಳ್ಳವರ ಪಾಲಾಗುತ್ತಿದ್ದಳು. ಮಂಗಳವಾರ, ಶುಕ್ರವಾರ ದೇವಿಯ ಹೆಸರಲ್ಲಿ ಜೋಗ (ಭಿಕ್ಷೆ) ಬೇಡಿ ಹೊಟ್ಟೆ ಹೊರೆಯುತ್ತಿದ್ದಳು. ಎಷ್ಟೋ ಮಂದಿಯನ್ನು ಮುಂಬಯಿ, ಪುಣೆ, ಸಾಂಗ್ಲಿಯ ವೇಶ್ಯಾಗೃಹಗಳಿಗೆ ಸಾಗಿಸಲಾಯಿತು. ದೇವರ ಹೆಸರಿನಲ್ಲಿ ನಡೆದರೂ ಇದು ಶೋಷಣೆಯೇ.

ಕಾಯ್ದೆಗಳು ಬೇಗ ಬಂದವು, ಬದಲಾವಣೆ ತಡವಾಗಿ ಬಂತು. ಮುಂಬಯಿ ಪ್ರಾಂತದ ದೇವದಾಸಿ ರಕ್ಷಣಾ ಕಾಯ್ದೆ 1934ರದು; ಆಗ ಬೆಳಗಾವಿ, ವಿಜಾಪುರ (ಇಂದಿನ ವಿಜಯಪುರ), ಸೊಲ್ಲಾಪುರ ಮೂರೂ ಅದೇ ಪ್ರಾಂತದಲ್ಲಿದ್ದವು. ಅಕ್ಕಲಕೋಟ ಮಾತ್ರ 1948ರವರೆಗೆ ಪ್ರತ್ಯೇಕ ಸಂಸ್ಥಾನ. ಕರ್ನಾಟಕ 1982ರಲ್ಲಿ ತನ್ನದೇ ನಿಷೇಧ ಕಾಯ್ದೆ ತಂದಿತು, ಮಹಾರಾಷ್ಟ್ರ 2005ರಲ್ಲಿ. ಕರ್ನಾಟಕ ಸರಕಾರ 1993–94ರಲ್ಲಿ ಗುರುತಿಸಿದ ದೇವದಾಸಿಯರು 22,873. 2007–08ರ ಸಮೀಕ್ಷೆಯಲ್ಲಿ ಇನ್ನೂ 23,787 ಮಂದಿ ಸೇರಿದರು.

ಮುತ್ತು ಹರಿದ ಮರುದಿನ ಊಟ ಎಲ್ಲಿಂದ ಬರಬೇಕು ಎಂಬ ಪ್ರಶ್ನೆಗೆ ಕಾಯ್ದೆಯಲ್ಲಿ ಉತ್ತರವಿರಲಿಲ್ಲ. ಕರ್ನಾಟಕ ರಾಜ್ಯ ಮಹಿಳಾ ಅಭಿವೃದ್ಧಿ ನಿಗಮದ ದೇವದಾಸಿ ಪುನರ್ವಸತಿ ಯೋಜನೆ 1990ರ ದಶಕದಲ್ಲಿ ಬೆಳಗಾವಿ ಜಿಲ್ಲೆಯಿಂದ ಶುರುವಾಯಿತು. ಮೈರಾಡ ಎಂಬ ಸ್ವಯಂಸೇವಾ ಸಂಸ್ಥೆಯ ಬೆಂಬಲದಿಂದ ಅದೇ ಜಿಲ್ಲೆಯ ಘಟಪ್ರಭಾದಲ್ಲಿ 1997ರಲ್ಲಿ ಹುಟ್ಟಿದ ಮಹಿಳಾ ಅಭಿವೃದ್ಧಿ ಮತ್ತು ಸಂರಕ್ಷಣಾ ಸಂಸ್ಥೆ (ಮಾಸ್) ಈ ಇತಿಹಾಸದ ದೊಡ್ಡ ತಿರುವು. ಅದನ್ನು ನಡೆಸಿದವರು ಮಾಜಿ ದೇವದಾಸಿಯರೇ. ಸಂಘ ಕಟ್ಟಿ ಉಳಿತಾಯ ಮಾಡಿ, ಆ ಹಣದಿಂದ ಸಾಲ ಪಡೆದು ಆಡು, ಎಮ್ಮೆ, ಅಂಗಡಿ, ಹೊಲಿಗೆ ಯಂತ್ರ ಮಾಡಿಕೊಂಡರು. ಹೊಸದಾಗಿ ಮುತ್ತು ಕಟ್ಟುವುದನ್ನು ತಡೆಯಲು ತಾವೇ ಮುಂದೆ ನಿಂತರು. ಸಂಸ್ಥೆಯ ಮುಂದಾಳು ಸೀತವ್ವ ಜೋಡಟ್ಟಿಯವರಿಗೆ 2018ರಲ್ಲಿ ಪದ್ಮಶ್ರೀ ಬಂತು.

ಯಾವ ಕಸುಬು ಯಾರಿಗೆ ಒಗ್ಗುತ್ತದೆ ಎಂಬುದನ್ನು ತರಬೇತಿ ಕೊಡುವವರು ಮೊದಲೇ ಯೋಚಿಸಬೇಕು. ಕಸೂತಿಯ ಗವಂತಿ, ಮುರಗಿ, ನೇಗಿ, ಮೆಂತಿ ಎಂಬ ನಾಲ್ಕೂ ಹೊಲಿಗೆಗಳಿಗೆ ಬಟ್ಟೆಯ ಎಳೆ ಎಣಿಸಬೇಕು. ಗವಂತಿಯಲ್ಲಿ ದಾರಕ್ಕೆ ಗಂಟು ಹಾಕದೆ, ಹೋದ ದಾರಿಯಲ್ಲೇ ಹಿಂದಿರುಗಿ ಬರಬೇಕು. ಕಣ್ಣು ಮಂಜಾದ ಐವತ್ತು ದಾಟಿದವಳಿಗೆ ಇದು ಕಷ್ಟ. ಕೌದಿ ಹಾಗಲ್ಲ. ಹಳೆಯ ಸೀರೆ, ಧೋತರಗಳನ್ನು ಪದರಪದರವಾಗಿ ನೆಲದ ಮೇಲೆ ಹಾಸಿ, ಸುಕ್ಕು ಬಿಡಿಸಿ, ಅಂಚಿನಿಂದ ನಡುವಿನವರೆಗೆ ದಪ್ಪ ದಾರದಲ್ಲಿ ಹೊಲಿಯುತ್ತ ಬರುವುದು. ಇಬ್ಬರು ಮೂವರು ಸುತ್ತ ಕೂತು ಮಾತಾಡುತ್ತಲೇ ಹೊಲಿಯಬಹುದು. ಬಂಡವಾಳವೆಂದರೆ ಸೂಜಿ, ದಾರ, ಹಳೆ ಅರಿವೆ. ಸೊಲ್ಲಾಪುರದ ಮರಾಠಿಯವರ ವಾಕಳವೂ ಇದೇ ಬಗೆಯದು. ಆದರೆ ಒಂದು ಕೌದಿಗೆ ಹಲವು ದಿನದ ಕೂಲಿ ಬೀಳುತ್ತದೆ. ಆ ದುಡಿಮೆಗೆ ತಕ್ಕ ಬೆಲೆ ಊರ ಸಂತೆಯಲ್ಲಿ ಸಿಗದು, ದೂರದ ಪಟ್ಟಣದಲ್ಲಿ ಗಿರಾಕಿ ಹುಡುಕಬೇಕು. ತರಬೇತಿ ಮುಗಿಸಿ ಪ್ರಮಾಣಪತ್ರ ಹಂಚಿ ಕೈತೊಳೆದುಕೊಂಡ ಯೋಜನೆಗಳು ಸೋಲುವುದು ಇಲ್ಲೇ. ಮಾರಾಟದ ಲೆಕ್ಕ ಹೆಂಗಸರ ಕೈಯಲ್ಲೇ ಇರಬೇಕು. ದಲ್ಲಾಳಿ ನಡುವೆ ಬಂದರೆ ಹಳೆಯ ಹಂಗು ಹೊಸ ರೂಪದಲ್ಲಿ ಮರಳುತ್ತದೆ.

ಸೊಲ್ಲಾಪುರ ನಗರಕ್ಕೆ ಚಾದರ, ಟವೆಲ್‌ಗಳ ಹೆಸರಿದೆ. ಆದರೂ ಅಲ್ಲಿನ ಬಡ ಹೆಂಗಸರ ದೊಡ್ಡ ಆಸರೆ ಬೀಡಿ ಕಟ್ಟುವುದು. ಸಾವಿರಕ್ಕೆ ಇಷ್ಟೆಂದು ಕೂಲಿ. ಕೈಕಸುಬಿನ ಯೋಜನೆ ಬೀಡಿಗಿಂತ ಹೆಚ್ಚು ದುಡ್ಡು ಕೊಡದಿದ್ದರೆ ಯಾರೂ ಅದರಲ್ಲಿ ನಿಲ್ಲುವುದಿಲ್ಲ, ನಿಲ್ಲಬೇಕೆಂದು ಕೇಳುವುದೂ ನ್ಯಾಯವಲ್ಲ.

ಗಡಿಯ ಕನ್ನಡತಿಗೆ ಇನ್ನೊಂದು ತೊಡಕಿದೆ. ಅವಳ ದೇವಿ ಸವದತ್ತಿಯಲ್ಲಿದ್ದಾಳೆ, ಮಾತು ಕನ್ನಡದ್ದು. ರೇಷನ್ ಕಾರ್ಡು ಮಹಾರಾಷ್ಟ್ರದ್ದು. ಕರ್ನಾಟಕದ ಪಟ್ಟಿ, ಮಾಸಾಶನ, ಸಾಲ ಯಾವುದೂ ಅವಳಿಗೆ ಅನ್ವಯಿಸುವುದಿಲ್ಲ. ಅವಳಿಗೆ ಸಲ್ಲುವುದು ಮಹಾರಾಷ್ಟ್ರದ 2005ರ ಕಾಯ್ದೆ ಮತ್ತು ಅಲ್ಲಿನ ಮಹಿಳಾ ಮತ್ತು ಬಾಲವಿಕಾಸ ಇಲಾಖೆ. ಅಲ್ಲಿ ಆಡಳಿತ ಭಾಷೆ ಮರಾಠಿ.