ಬ್ರಹ್ಮಗಿರಿಯ ಬಂಡೆ, ಚಳ್ಳಕೆರೆಯ ಶೇಂಗಾ

"ಹಾಲಿಲ್ಲ, ಮೊಸರಿಲ್ಲ, ತುಪ್ಪನೂ ಇಲ್ಲ ಅಂದ್ರೆ ಇನ್ನೇನ್ ತಿಂತೀರಿ ಸ್ವಾಮಿ?"

ವೀಗನ್ ಆಗಿದ್ದೀನಿ ಅಂದವರಿಗೆ ಚಳ್ಳಕೆರೆ ಕಡೆ ಎದುರಾಗುವ ಮೊದಲ ಪ್ರಶ್ನೆ ಇದು. ಮಾಂಸ ತಿನ್ನದವರು ಇಲ್ಲಿ ಹೊಸಬರಲ್ಲ. ಹಾಲನ್ನೂ ಬಿಟ್ಟವರು ಮಾತ್ರ ವಿಚಿತ್ರವಾಗಿ ಕಾಣ್ತಾರೆ. ಬೆಂಗಳೂರಿನ ಮಾಲ್‌ನಲ್ಲಿ ಬಾದಾಮಿ ಹಾಲು ಕೊಳ್ಳೋರ ಶೋಕಿ ಇದು ಅನ್ನೋ ಅನುಮಾನ ಬೇರೆ. ಹೆಸರೇನೋ ಹೊರಗಿನದೇ. 1944ರಲ್ಲಿ ಇಂಗ್ಲೆಂಡಿನ ಡೊನಾಲ್ಡ್ ವಾಟ್ಸನ್ ಮತ್ತು ಸಂಗಡಿಗರು ಕಟ್ಟಿದ ಪದ. ಆದರೆ ಊಟ? ಅದಕ್ಕೆ ಉತ್ತರ ಬೇಕಾದರೆ ನಮ್ಮ ನೆಲವನ್ನೇ ಸ್ವಲ್ಪ ಕೆದಕಬೇಕು.

ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ ಈ ಮೂರೂ ಕಡೆ ಅಶೋಕನ ಶಾಸನಗಳಿವೆ. 1892ರಲ್ಲಿ ಬಿ.ಎಲ್. ರೈಸ್ ಅವನ್ನು ಬೆಳಕಿಗೆ ತಂದರು. ಸುವರ್ಣಗಿರಿಯಿಂದ ಇಸಿಲದ ಮಹಾಮಾತ್ರರಿಗೆ ಹೋದ ಆದೇಶ ಅದು. ತಂದೆತಾಯಿ, ಗುರುಗಳಿಗೆ ವಿಧೇಯರಾಗಿರಿ, ಸತ್ಯ ನುಡಿಯಿರಿ ಅನ್ನುವುದರ ಜೊತೆಗೆ ಪ್ರಾಣಿಗಳ ಬಗ್ಗೆ ದಯೆ ಗಟ್ಟಿಯಾಗಬೇಕು ಅನ್ನೋ ಮಾತೂ ಅಲ್ಲಿದೆ. ದೊಡ್ಡವರಷ್ಟೇ ಅಲ್ಲ, ಸಾಮಾನ್ಯರೂ ಪ್ರಯತ್ನಪಟ್ಟರೆ ಸಾಧಿಸಬಹುದು ಎಂದೂ ಇದೆ. ಸುಮಾರು 2,250 ವರ್ಷಗಳ ಹಿಂದಿನ ಮಾತು!

ಹಾಗಂತ ಅಶೋಕ ವೀಗನ್ ಆಗಿರಲಿಲ್ಲ. ಹಾಲು ಬಿಡಿ ಅಂತ ಅವನೆಲ್ಲೂ ಹೇಳಿಲ್ಲ. ಬೇರೆ ಕಡೆ ಸಿಕ್ಕಿರುವ ಅವನ ಮೊದಲನೇ ಬಂಡೆಗಲ್ಲು ಶಾಸನದಲ್ಲಿ ಒಂದು ಪ್ರಾಮಾಣಿಕ ಲೆಕ್ಕವಿದೆ. ಮೊದಲು ಅರಮನೆಯ ಅಡುಗೆಮನೆಗೆ ದಿನಕ್ಕೆ ಲಕ್ಷಗಟ್ಟಲೆ ಪ್ರಾಣಿಗಳು ಸಾಯುತ್ತಿದ್ದವಂತೆ. ಈಗ ಎರಡು ನವಿಲು, ಒಂದು ಜಿಂಕೆ ಮಾತ್ರ, ಜಿಂಕೆಯೂ ದಿನಾ ಅಲ್ಲ, ಮುಂದೆ ಇವೂ ನಿಲ್ಲುತ್ತವೆ ಅನ್ನುತ್ತಾನೆ. ಚಕ್ರವರ್ತಿಗೇ ಒಂದೇ ದಿನಕ್ಕೆ ಆಗಲಿಲ್ಲ, ನಮ್ಮ ನಿಮ್ಮ ಮನೆಯಲ್ಲಿ ಸೋಮವಾರದಿಂದಲೇ ಎಲ್ಲ ಬಂದ್ ಅಂದ್ರೆ ಆಗುತ್ತಾ? ಒಂದೊಂದೇ ಬಿಡೋದು ಸೋಲಲ್ಲ.

ಇನ್ನು ದನದ ವಿಷಯ. ಈ ಸೀಮೆಯಲ್ಲಿ ಅದು ಅಶೋಕನಿಗಿಂತ ಬಹಳ ಹಳೆಯದು. ಪಕ್ಕದ ಬಳ್ಳಾರಿ ಸುತ್ತ ನವಶಿಲಾಯುಗದ ಬೂದಿ ದಿಬ್ಬಗಳಿವೆ, ಸುಟ್ಟ ಸಗಣಿಯ ರಾಶಿಗಳು. ಅದೇ ಕಾಲದ ಸಂಗನಕಲ್ಲಿನಲ್ಲಿ ಹುರುಳಿ, ಹೆಸರು, ಕೊರಲೆ ಕಾಳುಗಳೂ ಸಿಕ್ಕಿವೆ. ಅಂದರೆ ದನವೂ ಹಳೆಯದು, ಹುರುಳಿಯೂ ಹಳೆಯದು. ಚಳ್ಳಕೆರೆ ಸೀಮೆಯ ಕಾವಲುಗಳಲ್ಲಿ ಮೇದ ಅಮೃತಮಹಲ್ ತಳಿಗೆ ಮೈಸೂರು ಅರಸರ ಕಾಲದಲ್ಲಿ 'ಬೆಣ್ಣೆ ಚಾವಡಿ' ಅಂತ ಹೆಸರಿತ್ತು, ಅಮೃತಮಹಲ್ ಅಂದದ್ದು ಟಿಪ್ಪು. ಆದರೆ ಆ ತಳಿ ಹೆಸರು ಮಾಡಿದ್ದು ಎತ್ತುಗಳಿಂದ, ಫಿರಂಗಿ ಎಳೆಯೋ ಶಕ್ತಿಯಿಂದ. ಹಸು ಕೊಡೋ ಹಾಲು ಕಮ್ಮಿ, ಅದೂ ಕರುವಿಗೇ ಬೇಕು. ಬೆಳಗಾದರೆ ಬಾಗಿಲಿಗೆ ಹಾಲಿನ ಪ್ಯಾಕೆಟ್ಟು ಬರೋದು ಇತ್ತೀಚಿನ ಕಥೆ. 1970ರ ದಶಕದಲ್ಲಿ ವಿಶ್ವಬ್ಯಾಂಕ್ ನೆರವಿನ ಡೇರಿ ಯೋಜನೆ, 1984ರಲ್ಲಿ ಕೆಎಂಎಫ್, ಆಮೇಲೆ ಎಲ್ಲೆಲ್ಲೂ ನಂದಿನಿ. ಇದರಿಂದ ಸಾವಿರಾರು ಮನೆಗಳು ಬದುಕಿವೆ, ಅದನ್ನು ಹಗುರವಾಗಿ ನೋಡುವಂತಿಲ್ಲ. ಹಾಲಿಲ್ಲದೆ ಅಡುಗೆಯೇ ಇಲ್ಲ ಅನ್ನೋದು ಮಾತ್ರ ಸುಳ್ಳು.

ಈ ಸೀಮೆಯ ಅಡುಗೆಯನ್ನು ನಿಜಕ್ಕೂ ಹೊತ್ತದ್ದು ಶೇಂಗಾ. ಅದೂ ನಮ್ಮದಲ್ಲ, ದಕ್ಷಿಣ ಅಮೆರಿಕದ್ದು. ಮಳೆ ಕಮ್ಮಿಯ ಈ ಕೆಂಪು ನೆಲಕ್ಕೆ ಹೊಂದಿಕೊಂಡು ಚಳ್ಳಕೆರೆಯನ್ನು 'ಎಣ್ಣೆ ನಗರಿ' ಮಾಡಿತು. ಎಣ್ಣೆ ವ್ಯಾಪಾರದಲ್ಲಿ ಎರಡನೇ ಬಾಂಬೆ ಅಂತ ಕರೆಸಿಕೊಂಡ ಊರು ಇದು. 1994ರಲ್ಲಿ ಪಾಮೊಲಿನ್ ಆಮದಿಗೆ ಬಾಗಿಲು ತೆರೆದ ಮೇಲೆ ಅಗ್ಗದ ಎಣ್ಣೆ ಹರಿದು ಬಂತು, ಇಲ್ಲಿಯ ಹಲವು ಮಿಲ್ಲುಗಳು ಸದ್ದು ನಿಲ್ಲಿಸಿದವು. ಹಾಗಾಗಿ ಊಟದ ತಟ್ಟೆಗೆ ಮತ್ತೆ ಶೇಂಗಾ ತರೋದು ಪ್ರಾಣಿಗಷ್ಟೇ ಅಲ್ಲ, ಪಕ್ಕದ ಹೊಲದವರಿಗೂ ಒಳ್ಳೇದು.

ಮನೆಯಲ್ಲಿ ಹೇಗೆ? ಒಂದು ಲೋಟ ಶೇಂಗಾ ರಾತ್ರಿ ನೆನೆಸಿ, ನಾಲ್ಕು ಲೋಟ ನೀರಲ್ಲಿ ರುಬ್ಬಿ, ಸೋಸಿ, ಕುದಿಸಿ. ಹಾಲು ಸಿದ್ಧ. ಉಗುರುಬೆಚ್ಚಗಿದ್ದಾಗ ಹಸಿಮೆಣಸಿನಕಾಯಿ ತೊಟ್ಟು ಹಾಕಿಟ್ಟರೆ ಮೊಸರೂ ಆಗುತ್ತೆ, ಮೊದಲ ಸಲ ತೆಳ್ಳಗಾದರೆ ಬೇಜಾರಾಗಬೇಡಿ. ಮುದ್ದೆಗೆ ಹುರುಳಿ ಸಾರು, ರೊಟ್ಟಿಗೆ ಶೇಂಗಾ ಚಟ್ನಿಪುಡಿ, ಹೋಳಿಗೆಗೆ ತುಪ್ಪದ ಬದಲು ಕಾಯಿಹಾಲು. ಇದರಲ್ಲಿ ಅಜ್ಜಿಗೆ ಗೊತ್ತಿಲ್ಲದ್ದು ಯಾವುದಿದೆ ಹೇಳಿ? 100 ಗ್ರಾಂ ಶೇಂಗಾದಲ್ಲಿ ಸುಮಾರು 25 ಗ್ರಾಂ ಪ್ರೋಟೀನ್, 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಒಂದು ವಿಷಯದಲ್ಲಿ ಮಾತ್ರ ಅಜ್ಜಿ ಅಡುಗೆ ಸಾಲದು. ಬಿ12 ವಿಟಮಿನ್ ಗಿಡದ ಆಹಾರದಲ್ಲಿ ಸಿಗಲ್ಲ, ಪೂರ್ತಿ ಹಾಲು ಬಿಟ್ಟವರು ಡಾಕ್ಟರನ್ನ ಕೇಳಿ ಅದನ್ನ ಮಾತ್ರೆಯಲ್ಲಿ ತಗೋಬೇಕು.

ಹೋಟೆಲಲ್ಲಿ 'ವೀಗನ್' ಅಂದ್ರೆ ಸಪ್ಲೈಯರ್ ಮುಖ ನೋಡ್ತಾನೆ. "ಬೆಣ್ಣೆ ಬೇಡ, ಎಣ್ಣೆ ಹಾಕಿ" ಅನ್ನಿ ಸಾಕು, ಎಣ್ಣೆ ನಗರಿ ತಾನೆ! ಒಗ್ಗರಣೆ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ, ಇಡ್ಲಿ, ಚಿತ್ರಾನ್ನ ಸಾಮಾನ್ಯವಾಗಿ ತೊಂದರೆ ಇಲ್ಲ. ಉಪ್ಪಿಟ್ಟಿಗೆ ತುಪ್ಪ ಹಾಕಿದ್ದಾರಾ ಕೇಳಿ. ರವೆ ಇಡ್ಲಿಯಲ್ಲಿ ಮೊಸರು, ಕೇಸರಿಬಾತಲ್ಲಿ ತುಪ್ಪ ಇರುತ್ತೆ. ಕಷ್ಟ ಅಂದ್ರೆ ಟೀ ಒಂದೇ. ನಿಂಬೆಹಣ್ಣಿನ ಕಪ್ಪು ಟೀ ಮಾಡಿಕೊಡ್ತಾರೆ, ಕೇಳೋಕೆ ನಾಚಿಕೆ ಬೇಡ.

ಊಟದಾಚೆ ಹೋದರೆ ಪ್ರಶ್ನೆ ಗಟ್ಟಿಯಾಗುತ್ತೆ. ಮೊಳಕಾಲ್ಮುರು ಸೀರೆಯ ರೇಷ್ಮೆ ಎಳೆ ಬರೋದು ಹುಳು ಒಳಗಿರುವಾಗಲೇ ಗೂಡು ಬೇಯಿಸಿ. ಚಳ್ಳಕೆರೆ ಕಂಬಳಿ ಕುರಿಯ ಉಣ್ಣೆಯದು. ಆ ಮಗ್ಗಗಳ ಮುಂದೆ ಕೂತವರಿಗೆ ಬೇರೆ ಬದುಕು ತೋರಿಸದೆ "ನೀವು ಮಾಡ್ತಿರೋದು ಹಿಂಸೆ" ಅನ್ನೋಕೆ ನನಗೆ ಬಾಯಿ ಬರಲ್ಲ. ಕುರಿ ಕಾಯುವವರ ತಟ್ಟೆ ನೋಡಿ ಮೂಗು ಮುರಿಯೋದೂ ಬೇಡ. ತಟ್ಟೆ ನೋಡಿ ಜಾತಿ ಅಳೆಯೋ ಹಳೇ ಚಟಕ್ಕೆ ವೀಗನ್ ಅನ್ನೋ ಹೊಸ ಹೆಸರು ಕೊಟ್ಟರೆ, ದಯೆ ಎಲ್ಲಿ ಉಳೀತು?

ಬ್ರಹ್ಮಗಿರಿಗೆ ಹೋದರೆ ಆ ಬಂಡೆ ನೋಡಿ ಬನ್ನಿ. ಬುತ್ತಿಗೆ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಳ್ಳಿ. ಹಾಲಿಲ್ಲದ ಒಂದು ಹೊತ್ತಿನ ಊಟ ಆಗೇ ಹೋಯ್ತಲ್ಲ.