ನಡುರಾತ್ರಿಯ ಮದಲಿಂಗ: ಆಗಮನ ಕಾಲದ ಒಂದು ಗೀತೆಯಲ್ಲಿ ಅಡಗಿದ ಸಾವು

1597ರ ಬೇಸಿಗೆಯಲ್ಲಿ ಜರ್ಮನಿಯ ವೆಸ್ಟ್‌ಫಾಲಿಯ ಸೀಮೆಯ ಉನ್ನಾ ಊರಿಗೆ ಪ್ಲೇಗ್ ಹೊಕ್ಕಿತು. ಮರುವರ್ಷದ ಜನವರಿಯೊಳಗೆ ಸುಮಾರು 1,300 ಮಂದಿ ಸತ್ತರು. ಲೂಥರನ್ ಸಭಾಪಾಲಕ ಫಿಲಿಪ್ ನಿಕೊಲಾಯ್ ವಾಸವಿದ್ದ ಮನೆಯ ಎದುರಿಗೇ ಸ್ಮಶಾನ. ಒಂದೊಂದು ದಿನ ಮೂವತ್ತು ಹೆಣಗಳವರೆಗೆ ಆತನ ಕಣ್ಣೆದುರೇ ಮಣ್ಣಾಗುತ್ತಿದ್ದವು.

ಆ ದಿನಗಳಲ್ಲಿ ಆತ ಬರೆದ ಪುಸ್ತಕದ ಹೆಸರಿಗೆ 'ನಿತ್ಯಜೀವದ ಆನಂದದ ಕನ್ನಡಿ' ಎಂದು ಅರ್ಥ. 1599ರಲ್ಲಿ ಫ್ರಾಂಕ್‌ಫರ್ಟ್‌ನಲ್ಲಿ ಅಚ್ಚಾದ ಅದರಲ್ಲಿ 'ವಾಖೆಟ್ ಔಫ್' (ಎಚ್ಚರಗೊಳ್ಳಿ) ಗೀತೆಯೂ ಇದೆ. ಮೂರು ಚರಣಗಳ ಈ ಗೀತೆಯಲ್ಲಿ ಪ್ಲೇಗಿಲ್ಲ, ಗೋರಿಯಿಲ್ಲ, ಸಾವೆಂಬ ಪದವೂ ಇಲ್ಲ. ಮತ್ತಾಯನ ಸುವಾರ್ತೆಯ 25ನೆಯ ಅಧ್ಯಾಯದ ಹತ್ತು ಕನ್ಯೆಯರ ಸಾಮ್ಯವೇ ಇದರ ಮೂಲ. ಕಾವಲುಗಾರರ ಕೂಗು, ಉರಿಯುವ ದೀಪ, ನಡುರಾತ್ರಿಯಲ್ಲಿ ಬರುವ ವರ. ಕನ್ನಡ ಬೈಬಲಿನ ಹಳೆಯ ಅನುವಾದ ಈ ವರನನ್ನು 'ಮದಲಿಂಗ' ಎನ್ನುತ್ತದೆ, ದೀಪವನ್ನು 'ಆರತಿ' ಎನ್ನುತ್ತದೆ. ದಿಬ್ಬಣವನ್ನು ಎದುರುಗೊಂಡು ಬಲ್ಲ ಕನ್ನಡಿಗರಿಗೆ ಗೀತೆಯ ಒಳಗು ತೆರೆದುಕೊಳ್ಳಲು ಈ ಎರಡು ಪದಗಳೇ ಸಾಕು.

ಕ್ರಿಸ್‌ಮಸ್ಸಿನ ಹಿಂದಿನ ನಾಲ್ಕು ಭಾನುವಾರಗಳ ಆಗಮನ ಕಾಲ ಎರಡು ಬರವುಗಳನ್ನು ಕಾಯುತ್ತದೆ. ಒಂದು ಬೆತ್ಲೆಹೇಮಿನ ಕೂಸಿನದು, ಇನ್ನೊಂದು ಲೋಕಾಂತ್ಯದ ನ್ಯಾಯಾಧಿಪತಿಯದು. ಮರಣ, ತೀರ್ಪು, ಸ್ವರ್ಗ, ನರಕಗಳ ಮೇಲೆ ಈ ಭಾನುವಾರಗಳಲ್ಲಿ ಪ್ರಸಂಗ ಮಾಡುವ ರೂಢಿ ಬೆಳೆದದ್ದೂ ಇದರಿಂದಲೇ. ಸ್ಮಶಾನದೆದುರು ಕುಳಿತ ನಿಕೊಲಾಯ್ ತೀರ್ಪಿನ ಭಯವನ್ನು ಬರೆದಿದ್ದರೆ ಯಾರೂ ಅಚ್ಚರಿಪಡುತ್ತಿರಲಿಲ್ಲ. ಆತ ಮದುವೆಯನ್ನು ಬರೆದ. ಸತ್ತವರು ಎಲ್ಲಿಗೆ ಹೋದರೆಂಬ ದುಃಖದ ಪ್ರಶ್ನೆಯನ್ನು, ಅವರನ್ನು ಕರೆಯಲು ಯಾರು ಬರುತ್ತಿದ್ದಾರೆಂಬ ಪ್ರಶ್ನೆಯಾಗಿ ತಿರುಗಿಸಿದ್ದೇ ಈ ಗೀತೆಯ ದೊಡ್ಡ ಧೈರ್ಯ.

ಜರ್ಮನ್ ಸಂಗೀತಕಾರ ಬಾಖ್ ಇದೇ ಗೀತೆಯ ಮೇಲೆ ಕಟ್ಟಿದ ಕಾಂಟಾಟಾವನ್ನು, ಅಂದರೆ ವಾದ್ಯಗಳೊಡನೆ ಹಾಡುವ ಕೃತಿಯನ್ನು, ಲೈಪ್ಜಿಗ್‌ನಲ್ಲಿ 1731ರ ನವೆಂಬರ್ 25ರಂದು ಹಾಡಿಸಿದ. ಮರುವಾರವೇ ಆಗಮನ ಕಾಲ. ಅದರಲ್ಲಿ ಸೊಪ್ರಾನೊ ದನಿಯ ಆತ್ಮ ಯಾವಾಗ ಬರುತ್ತೀಯೆಂದು ಕೇಳುತ್ತದೆ, ಬೇಸ್ ದನಿಯ ಕ್ರಿಸ್ತ ಬರುತ್ತಿದ್ದೇನೆಂದು ಉತ್ತರಿಸುತ್ತಾನೆ.

ಸಾವೆಂಬ ಪದವಿಲ್ಲದಿದ್ದರೂ ಗೀತೆಯಲ್ಲಿ ಒಂದು ಸಾವು ಅಡಗಿದೆ. ಮೂರು ಚರಣಗಳ ಮೊದಲಕ್ಷರಗಳು ಡಬ್ಲ್ಯೂ, ಝಡ್, ಜಿ. ಕೊನೆಯಿಂದ ಓದಿದರೆ 'ಗ್ರಾಫ್ ತ್ಸು ವಾಲ್ಡೆಕ್', ಅಂದರೆ ವಾಲ್ಡೆಕ್‌ನ ಕೌಂಟ್ ಎಂಬ ಪದವಿಯ ಮೊದಲಕ್ಷರಗಳು. ಆ ಕೌಂಟ್, ನಿಕೊಲಾಯ್‌ನ ಶಿಷ್ಯ ವಿಲ್ಹೆಲ್ಮ್ ಅರ್ನ್‌ಸ್ಟ್, 1598ರಲ್ಲಿ ಹದಿಹರೆಯದಲ್ಲೇ ತೀರಿಕೊಂಡಿದ್ದ. ಆ ಹುಡುಗನನ್ನು ಕಾಣಬೇಕಾದರೆ ಓದುಗರು ಮುತ್ತಿನ ಬಾಗಿಲುಗಳ ಸ್ವರ್ಗವಿರುವ ಕೊನೆಯ ಚರಣದಿಂದ ಹೊರಟು, ನಡುರಾತ್ರಿಯ ಮೊದಲ ಚರಣಕ್ಕೆ ಹಿಂದಿರುಗಬೇಕು.